ಬಾಗಿಲು ಹಿಡಿದು ನಿಲ್ಲುತ್ತಿದ್ದ ಡಾಕ್ಟರು

ರೋಗಿ ಒಳಗೆ ಬಂದ ಮೇಲೂ ಅವರು ಬಾಗಿಲು ಬಿಡುತ್ತಿರಲಿಲ್ಲ. ಇನ್ನೊಬ್ಬರು ದಾಟಿ ಬರುವಷ್ಟು ಹೊತ್ತು ಅದನ್ನು ಹಿಡಿದು ನಿಲ್ಲುತ್ತಿದ್ದರು. ಆಮೇಲೆ ಮೆಲ್ಲಗೆ ಮುಚ್ಚಿ, ರೋಗಿಗೆ ಕುರ್ಚಿ ತೋರಿಸಿ, ಅದರ ಪಕ್ಕದ ಕುರ್ಚಿಯನ್ನೂ ಸ್ವಲ್ಪ ಹೊರಗೆ ಎಳೆದಿಡುತ್ತಿದ್ದರು. ಆ ಕುರ್ಚಿಯಲ್ಲಿ ಯಾರೂ ಕೂತದ್ದನ್ನು ನಾನು ನೋಡಿಲ್ಲ.

ಅವರು ಸರಕಾರಿ ಮನೋವೈದ್ಯರು. ವಾರದ ಒಂದೊಂದು ದಿನ ಒಂದೊಂದು ಊರು: ಚಿತ್ತಾಪುರ, ಸೇಡಂ, ಶಹಾಬಾದ್, ಚಿಂಚೋಳಿ. ಹಳೆಯ ಜೀಪು, ಹಿಂದಿನ ಸೀಟಿನಲ್ಲಿ ಗುಳಿಗೆಯ ಡಬ್ಬಿಗಳು. ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ. ಅವರ ಪತ್ನಿ ಹಾಗೆ ಕೇಳಿಕೊಂಡಿದ್ದಾರೆ. ನಡೆದದ್ದನ್ನು ಬರೆಯಲು ಅಡ್ಡಿಯಿಲ್ಲ ಎಂದಿದ್ದಾರೆ.

ನಾನು ಅವರನ್ನು ಮೊದಲು ಕಂಡದ್ದು ಒಂದು ದೂರಿನ ಬೆನ್ನು ಹತ್ತಿ. ಚಿಂಚೋಳಿ ಪಕ್ಕದ ಚಂದಾಪುರದಿಂದ ಯಾರೋ ಫೋನ್ ಮಾಡಿ, "ಸರಕಾರಿ ದವಾಖಾನ್ಯಾಗ ಡಾಕ್ಟರ್ ದೆವ್ವಕ್ಕ ಕುರ್ಚಿ ಹಾಕಲಿಕತ್ತಾನ. ನೀವು ಪೇಪರಿನವರು ಮಕ್ಕೊಂಡೀರೇನು?" ಎಂದು ಕೇಳಿದ್ದರು. ಮರುದಿನವೇ ಹೋದೆ. ನಾನು ಯಾರು, ಯಾಕೆ ಬಂದೆ ಎಂಬುದನ್ನು ಬಾಗಿಲಲ್ಲೇ ಹೇಳಿದೆ. ಅವರು ನಕ್ಕರು. ನಾನು ಒಳಗೆ ಬಂದೆ. ಅವರು ಬಾಗಿಲು ಹಿಡಿದೇ ಇದ್ದರು, ನನ್ನ ಭುಜದ ಆಚೆ ನೋಡುತ್ತ.

ನಾನು ತಿರುಗಿ ನೋಡಿದೆ. ಪಡಸಾಲೆ ಖಾಲಿ ಇತ್ತು.

"ನೋಡಿದ್ರಿಲ್ಲ?" ಎಂದರು. "ನೀವೂ ತಿರುಗಿ ನೋಡಿದ್ರಿ. ಪೇಪರಿನವರೇ ನೋಡತಾರ ಅಂದಮ್ಯಾಗ ಉಳಿದ ಮಂದಿ ನೋಡಿದರ ಏನು ತಪ್ಪು? ಕುಂದ್ರಿ."

ಬಾಗಿಲಿನ ಲೆಕ್ಕವನ್ನು ಅವರು ವಿವರಿಸಿದ್ದು ಹೀಗೆ: "ಸತ್ತ ತಮ್ಮ ಬೆನ್ನಹಿಂದ ಬರಲಿಕತ್ತಾನ ಅಂತ ಒಬ್ಬ ಹೇಳತಾನ. ನಾ ಪಟ್ಟನ ಬಾಗಿಲು ಹಾಕಿದೆ ಅಂದ್ರ ತಮ್ಮ ಹೊರಗ ಉಳದ. ಇವನ ಧ್ಯಾನೆಲ್ಲ ಹೊರಗ. ನನ್ನ ಮುಂದ ಖಾಲಿ ಅಂಗಿ ಕುಂತಂಗ ಕೂಡತಾನ. ಇಬ್ಬರನ್ನೂ ಒಳಗ ಕರದರ ಮಾತು ಶುರು ಆಗತದ."

"ನೀವು ನಂಬತೀರಾ?"

"ನಾ ನಂಬಂಗಿಲ್ಲರಿ. ಅವರು ನಂಬತಾರ. ಗುಳಗಿ ನುಂಗೋರು ಅವರು, ನಾ ಅಲ್ಲಲ್ಲ."

ಈ ಮಾತನ್ನು ಅವರು ಹಗುರವಾಗಿ ಹೇಳಿದ್ದಲ್ಲ. ಅವರದು ಚಿತ್ತಾಪುರದ ಬೌದ್ಧ ಮನೆತನ. ತಂದೆ ಶಾಲಾ ಮಾಸ್ತರರು, ಮನೆಯ ಜಗಲಿಯ ಮೇಲಿದ್ದ ದೇವರುಗಳನ್ನೆಲ್ಲ ತೆಗೆದು ಬುದ್ಧನ ಒಂದೇ ಚಿತ್ರ ಇಟ್ಟವರು. ಭೂತ, ಭಾನಾಮತಿ ಎಂದರೆ ಆ ಮನೆಯಲ್ಲಿ ಈಗಲೂ ಮಾತು ನಿಲ್ಲಿಸಿ ಎದ್ದುಹೋಗುತ್ತಾರೆ. ಮಗ ರೋಗಿಗಳ ದೇವರುಗಳನ್ನು ಆಸ್ಪತ್ರೆಯೊಳಕ್ಕೆ ಕರೆಯುತ್ತಿದ್ದಾನೆ ಎಂದು ತಿಳಿದಾಗ ತಂದೆ ಬಹಳ ದಿನ ಅವರೊಂದಿಗೆ ಊಟಕ್ಕೆ ಕೂರಲಿಲ್ಲವಂತೆ.

ಹಾಗೆಂದು ಎಲ್ಲವನ್ನೂ ಕರೆಯುತ್ತಿರಲಿಲ್ಲ. ಕಾಳಗಿ ಕಡೆಯಿಂದ ಒಂದು ಕುಟುಂಬ ಮೈಮೇಲೆ ದೆವ್ವ ಬರುತ್ತಿದ್ದ ಸೊಸೆಯನ್ನು ಕರೆತಂದಿತ್ತು. ಜೊತೆಗೆ ಗಾಳಿ ಬಿಡಿಸುವ ಒಬ್ಬ ಮನುಷ್ಯ, ಅವನ ಕೈಯಲ್ಲಿ ಬೆತ್ತ. ಡಾಕ್ಟರು ಅವನನ್ನೂ ಗೌರವದಿಂದಲೇ ಮಾತಾಡಿಸಿದರು. "ಬರ್ರಿ, ನಿಮ್ಮ ದೇವರೂ ಒಳಗ ಬರಲಿ. ಬೆತ್ತ ಅಷ್ಟೇ ಹೊರಗ." ಅವನು ಬೆತ್ತ ಬಿಡಲಿಲ್ಲ. ಡಾಕ್ಟರು ಬಾಗಿಲು ಮುಚ್ಚಿದರು. ಹಾಗೆ ಒಬ್ಬರ ಮುಖಕ್ಕೆ ಅವರು ಬಾಗಿಲು ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚಂದಾಪುರದ ಒಬ್ಬ ಶಿಕ್ಷಕಿ ಲಿಂಗಪೂಜೆಗೆ ಕೂತರೆ ಏಳಲಾಗದ ಸ್ಥಿತಿಗೆ ಬಂದಿದ್ದರು. ಪೂಜೆ ಮುಗಿದೊಡನೆ ಏನೋ ತಪ್ಪಾಯಿತೆಂಬ ಅನುಮಾನ, ಮತ್ತೆ ಸ್ನಾನ, ಮತ್ತೆ ಪೂಜೆ. ಕೈಯ ಚರ್ಮ ಸುಲಿದಿತ್ತು. ಡಾಕ್ಟರು ಗುಳಿಗೆ ಕೊಟ್ಟರು. ಜೊತೆಗೆ ಆ ಮನೆಗೆ ಪೂಜೆಗೆಂದು ಬರುವ ವಯಸ್ಸಾದ ಅಯ್ಯನವರ ಬಳಿಗೆ ತಾವೇ ಹೋಗಿ, ಕಾಯಿಲೆ ಎಂಥದೆಂದು ವಿವರಿಸಿ ಬಂದರು. ಮುಂದಿನ ಸೋಮವಾರ ಅಯ್ಯನವರು ಶಿಕ್ಷಕಿಗೆ, "ಒಮ್ಮೆ ಮಾಡಿದ್ದು ಮುಟ್ಟೇದ ತಾಯಿ. ಮತ್ತ ಮಾಡಿದರ ಮೊದಲಿನದು ಅವನಿಗೆ ಮುಟ್ಟಿಲ್ಲ ಅಂತ ನೀನೇ ಹೇಳಿದಂಗಾಗತದ" ಎಂದರು. ಗುಣವಾಗಲು ವರ್ಷ ಹಿಡಿಯಿತು. ಗುಣವಾದದ್ದು ಗುಳಿಗೆಯಿಂದಲೋ ಅಯ್ಯನವರಿಂದಲೋ ಎಂದು ಕೇಳಿದೆ. "ನೀರಿನಿಂದ ಬೆಳೀತೋ ಮಣ್ಣಿನಿಂದ ಬೆಳೀತೋ ಅಂತ ತೊಗರಿ ಗಿಡಕ್ಕ ಕೇಳ್ರಿ" ಎಂದರು.

ತಮ್ಮ ಕೆಲಸಕ್ಕೆ ಅವರು ಹಾಕಿಕೊಂಡಿದ್ದ ಕಟ್ಟುಪಾಡುಗಳಲ್ಲಿ ಎರಡು ನನಗೆ ಗೊತ್ತು. ಮೊದಲನೆಯದನ್ನು ಪ್ರತಿ ರೋಗಿಗೂ ಹೇಳುತ್ತಿದ್ದರು: "ಗುಳಗಿ ಮೊದಲ, ದೇವರು ಆಮ್ಯಾಗ." ಎರಡನೆಯದು ಅವರಿಗೇ ಸಂಬಂಧಿಸಿದ್ದು. ವಿಭೂತಿ, ದರ್ಗಾದ ದಾರ, ದೀಪ, ಯಾವುದನ್ನೂ ತಾವು ಕೈಯಿಂದ ಮುಟ್ಟುತ್ತಿರಲಿಲ್ಲ. ಏನು ಮಾಡಿದರೂ ಆ ಮನೆಯವರೇ ಮಾಡಬೇಕು. "ನಾ ಮುಟ್ಟಿದ ದಿನ ಡಾಕ್ಟರ್ ಅಲ್ಲ" ಎನ್ನುತ್ತಿದ್ದರು.

ಮಲ್ಲಮ್ಮನ ವಿಷಯಕ್ಕೆ ಬರುತ್ತೇನೆ.

ಶಹಾಬಾದಿನ ಸುತ್ತ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟ ಖಣಿಗಳಿವೆ. ಕಲ್ಲನ್ನು ಚೌಕ ಚೌಕವಾಗಿ ಕಡಿದ ಕಾರಣ ದಂಡೆಗಳು ಗೋಡೆಯಂತೆ ನೆಟ್ಟಗೆ ಇಳಿಯುತ್ತವೆ. ಮಳೆಗೆ ತುಂಬಿದ ನೀರು ಬೇಸಿಗೆಯಲ್ಲೂ ಪೂರ್ತಿ ಆರುವುದಿಲ್ಲ. ಗಾಳಿ ಬೀಸಿದರೂ ಹೆಚ್ಚು ಅಲುಗುವುದಿಲ್ಲ. ಅಂಥ ಒಂದು ಖಣಿಯ ಮೆಟ್ಟಿಲಿನಂಥ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಮಲ್ಲಮ್ಮನ ಮಗಳು ಕಾಲು ಜಾರಿ ನೀರಿಗೆ ಬಿದ್ದು ತೀರಿಕೊಂಡಳು. ಮದುವೆ ಗೊತ್ತಾಗಿದ್ದ ಹುಡುಗಿ. ಹೆಣ ಅದೇ ದಿನ ಸಿಕ್ಕಿತು, ಮಣ್ಣೂ ಆಯಿತು.

ಆ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಣ್ಣು ಮಾಡಿ ಬಂದ ಸಂಜೆ, ಜೀವ ಹೋದ ಜಾಗವನ್ನು ಸಾರಿಸಿ ಅಲ್ಲಿ ಜೋಳದ ಹಿಟ್ಟನ್ನು ತೆಳ್ಳಗೆ ಹರಡುತ್ತಾರೆ. ಪಕ್ಕದಲ್ಲಿ ದೀಪ ಇಟ್ಟು, ಹಿಟ್ಟಿನ ಮೇಲೆ ಬುಟ್ಟಿ ಮುಚ್ಚುತ್ತಾರೆ. ಬೆಳಿಗ್ಗೆ ಬುಟ್ಟಿ ಎತ್ತಿದಾಗ ಹಿಟ್ಟಿನ ಮೇಲೆ ಯಾವುದಾದರೂ ಗುರುತು ಇದ್ದರೆ, ಹೋದವರು ಆ ರೂಪ ತಾಳಿ ಹೊರಟರು ಎಂದು ಅರ್ಥ. ಹಿಟ್ಟು ನುಣ್ಣಗೆ ಇದ್ದರೆ ಇನ್ನೂ ಹೊರಟಿಲ್ಲ ಎಂದು. ಮಗಳಿಗಾಗಿ ಅವರು ಹಿಟ್ಟು ಹಾಕಿದ್ದು ಮನೆಯ ಪಡಸಾಲೆಯಲ್ಲಿ, ಹೆಣ ಮಲಗಿಸಿದ್ದ ಕಡೆ. ಹಿಟ್ಟು ನುಣ್ಣಗೆ ಉಳಿಯಿತು. ಜೀವ ಹೋದದ್ದು ಖಣಿಯಲ್ಲಿ, ಹಿಟ್ಟು ಹಾಕಿದ್ದು ಮನೆಯಲ್ಲಿ ಎಂಬುದು ಮಲ್ಲಮ್ಮನಿಗೆ ಹೊಳೆದದ್ದು ತಡವಾಗಿ. ಹೊಳೆದ ಮೇಲೆ ಆಕೆ ಊಟ ಬಿಟ್ಟರು. ಪ್ರತಿ ಮಧ್ಯಾಹ್ನ ಖಣಿಯ ದಂಡೆಗೆ ಹೋಗಿ ಕೂರತೊಡಗಿದರು.

ಗಂಡ ಫರ್ಸಿ ಪಾಲಿಶ್ ಮಾಡುವ ಕೆಲಸದವನು. ಹೆಂಡತಿಯನ್ನು ನೀರಿನ ಅಂಚಿನಿಂದ ಎಳೆದುಕೊಂಡು ಬಂದವನು ನೇರ ಆಸ್ಪತ್ರೆಗೆ ಕರೆತಂದ. ಅವತ್ತು ನಾನು ಅಲ್ಲಿದ್ದೆ. ಡಾಕ್ಟರು ಎಂದಿನಂತೆ ಬಾಗಿಲು ಹಿಡಿದು ನಿಂತರು.

"ಅಕಿ ಬಂದಿಲ್ಲರಿ," ಎಂದರು ಮಲ್ಲಮ್ಮ. "ಅಕಿ ಅಲ್ಲೇ ನೀರಾಗ ಕುಂತಾಳ. ಯವ್ವಾ, ಥಂಡಿ ಹತ್ತಲಿಕತ್ತದ ಅಂತಾಳ. ನಾ ಹೋಗಿ ಕರಕೊಂಡ ಬರತೀನಿ ಅಂದರ ಈ ಗಂಡಸು ಬಿಡವಲ್ಲ."

ಡಾಕ್ಟರು ಬಾಗಿಲು ಮುಚ್ಚಿದರು. ಆದರೂ ಕುರ್ಚಿ ಎಳೆದಿಟ್ಟರು. ಆಕೆ ಗುಳಿಗೆ ಒಲ್ಲೆ ಎಂದರು. ಜಿಲ್ಲಾ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಆಕೆ ಚೇತರಿಸಿಕೊಂಡು ಮನೆಗೆ ಬಂದರು, ಮತ್ತೆ ದಂಡೆಗೆ ಹೋದರು. ಆಗ ಡಾಕ್ಟರು ಕೇಳಿದರು: "ಯವ್ವಾ, ಹಿಟ್ಟು ಖಣಿ ದಂಡಿಮ್ಯಾಗ ಹಾಕಿದರ ಹ್ಯಾಂಗ?"

ಮಲ್ಲಮ್ಮ ಮೊದಲ ಸಲ ಅವರ ಮುಖ ನೋಡಿದರು.

"ಆದರ ಗುಳಗಿ ಮೊದಲ. ಮೈಯಾಗ ತ್ರಾಣ ಬರೂತನಕ ಉಣಬೇಕು. ಆಮ್ಯಾಗ ಹಿಟ್ಟು."

ಆಕೆ ಉಂಡರು, ಗುಳಿಗೆ ನುಂಗಿದರು. ಹೊಲದ ತೊಗರಿ ಹೂ ಬಿಡುವ ಹೊತ್ತಿಗೆ ಮೈಯಲ್ಲಿ ಸ್ವಲ್ಪ ಬಲ ಬಂದಿತ್ತು. ಆದರೆ ಮಾತು ಒಂದೇ: ಹಿಟ್ಟು ಯಾವಾಗ? ಡಾಕ್ಟರು ದಿನ ಗೊತ್ತು ಮಾಡಿದರು. ನನಗೂ ಹೇಳಿದರು.

"ಹಿಟ್ಟಿನ ಮೇಲೆ ಏನೂ ಬರದಿದ್ದರೆ?" ಎಂದು ಕೇಳಿದೆ.

"ಅಕಿ ನೀರಿಗಿಳೀತಾಳ," ಎಂದರು. ಇದರಲ್ಲಿ ತಮಾಷೆ ಇರಲಿಲ್ಲ.

ಸೂರ್ಯ ಮುಳುಗುವಾಗ ದಂಡೆಯ ಮೇಲೆ ಮಲ್ಲಮ್ಮನೇ ಜಾಗ ಸಾರಿಸಿದರು. ಹಿಟ್ಟಿನ ಗಂಟು ಬಿಚ್ಚುವಾಗ ಆಕೆಯ ಮೈದುನ ಡಾಕ್ಟರ ಕಡೆ ನೋಡಿ, "ಸಾಹೇಬ್ರು ಜರಾ ದೂರ ನಿಂದರ್ರಿ. ಹಿಟ್ಟು ಮುಟ್ಟೂದು ಬ್ಯಾಡ" ಎಂದ. ಯಾಕೆ ಹಾಗೆ ಹೇಳಿದನೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಡಾಕ್ಟರು ನಕ್ಕು, "ಇಲ್ಲಪಾ. ನನ್ನ ಕಾಯ್ದೆನೂ ಅದೇ ಅದ" ಎಂದು ಹಿಂದೆ ಸರಿದರು. ಮಲ್ಲಮ್ಮ ಹಿಟ್ಟು ಹರಡಿ, ದೀಪ ಇಟ್ಟು, ಬುಟ್ಟಿ ಮುಚ್ಚಿ ಸುತ್ತ ಕಲ್ಲು ಇಟ್ಟರು. ಗಂಡ, ಮೈದುನ ಸ್ವಲ್ಪ ದೂರದ ಹಳೆಯ ಶೆಡ್ಡಿನಲ್ಲಿ ಕಾವಲಿಗೆ ಉಳಿದರು. ನಾವು ಊರಿಗೆ ಹೊರಟೆವು. ನೀರಿನಲ್ಲಿ ದೀಪದ ಬಿಂಬ ಬಿದ್ದಿತ್ತು. ಅದು ಒಂದಿಷ್ಟೂ ಅಲುಗುತ್ತಿರಲಿಲ್ಲ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಡಾಕ್ಟರು ಅಲ್ಲಿದ್ದರು. ಮಲ್ಲಮ್ಮ ಬಂದು ಬುಟ್ಟಿ ಎತ್ತಿದರು.

ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಹಿಟ್ಟಿನ ಮೇಲೆ ಸಣ್ಣ ಸಣ್ಣ ತಗ್ಗುಗಳಿದ್ದವು, ಒಂದರ ಮುಂದೆ ಒಂದು. ಅವು ಅಂಚಿನಿಂದ ಶುರುವಾಗಿರಲಿಲ್ಲ. ನಡುವಿನಲ್ಲಿ ಶುರುವಾಗಿ ಒಂದು ಅಂಚಿನವರೆಗೆ ಹೋಗಿದ್ದವು. ಆ ಅಂಚು ನೀರಿನ ಕಡೆಯದಲ್ಲ, ಊರಿನ ಕಡೆಯದು. ಇಲಿ, ಓತಿಕ್ಯಾತ, ಹುಳ, ಯಾವುದಾದರೂ ಆಗಿರಬಹುದು. ಆದರೆ ಅಂಥದ್ದು ಅಂಚಿನಿಂದಲೇ ಒಳಗೆ ಬರಬೇಕಿತ್ತು.

ಮಲ್ಲಮ್ಮ ಬಹಳ ಹೊತ್ತು ನೋಡಿದರು. "ಗುಬ್ಬಿ ಆಗ್ಯಾಳ," ಎಂದರು. "ಮನಿ ಕಡೆ ಹೋಗ್ಯಾಳ ನೋಡ್ರಿ." ಆಮೇಲೆ ಅಲ್ಲಿಯೇ ಕೂತು ಅತ್ತರು. ಮಗಳು ಹೋದ ಮೇಲೆ ಆಕೆ ಅತ್ತದ್ದು ಅದೇ ಮೊದಲು ಎಂದು ಗಂಡ ಹೇಳಿದ.

ನಾನು ಆ ಸುದ್ದಿ ಬರೆಯಲಿಲ್ಲ. ಗುರುತು ಯಾರದೆಂದು ಖಚಿತಪಡಿಸಿಕೊಳ್ಳದೆ ಬರೆಯುವಂತಿರಲಿಲ್ಲ. ಖಚಿತಪಡಿಸಿಕೊಳ್ಳುವ ದಾರಿ ಒಂದೇ ಇತ್ತು. ಬಹಳ ದಿನಗಳ ಬಳಿಕ ವಾಡಿಯಲ್ಲಿ ಗೂಡ್ಸ್ ರೈಲಿಗಾಗಿ ಗೇಟು ಹಾಕಿದ್ದಾಗ, ಜೀಪಿನಲ್ಲಿ ಅವರ ಪಕ್ಕ ಕೂತು ಕೇಳಿಯೇಬಿಟ್ಟೆ. "ಅದನ್ನು ನೀವೇ ಮಾಡಿದಿರಾ?"

ರೈಲಿನ ಸಿಮೆಂಟು ಬೂದಿ ಬಣ್ಣದ ಡಬ್ಬಿಗಳು ಒಂದಾದ ಮೇಲೊಂದು ಹೋಗುತ್ತಿದ್ದವು. ಅವರು ಅವನ್ನೇ ನೋಡುತ್ತಿದ್ದರು.

"ಮಾಡಬೇಕಂತಲೇ ನಸಿಕಿನ್ಯಾಗ ಎಲ್ಲರಗಿಂತ ಮೊದಲ ಹೋಗಿದ್ದೆ," ಎಂದರು. "ಕಾವಲಿಗಿದ್ದವರಿಗೆ ಜೋಂಪು ಹತ್ತಿತ್ತು. ಬುಟ್ಟಿ ಎತ್ತಿದೆ. ಗುರುತು ಆಗಲೇ ಇತ್ತು. ಹಂಗೇ ಮುಚ್ಚಿದೆ."

"ಅಂಜಿಕೆ ಆಗಲಿಲ್ಲವಾ?"

"ಆಗ ಆಗಲಿಲ್ಲ. ಆಮ್ಯಾಗ ಜೀಪಿನ್ಯಾಗ ಕುಂತು ನೀರು ಕುಡೀಬೇಕಂತ ಬಾಟಲಿ ಹಿಡದೆ. ಬಾಟಲಿಗೆ ಹಿಟ್ಟು ಹತ್ತಿತು." ಬಲಗೈಯ ತೋರುಬೆರಳನ್ನು ಎತ್ತಿ ತಾವೇ ನೋಡಿಕೊಂಡರು. "ನಾ ಮುಟ್ಟಿಲ್ಲರಿ. ಮುಟ್ಟಿದ್ದು ನನಗ ನೆನಪಿಲ್ಲ. ರೋಗಿ ಬಂದು ಹಿಂಗ ಹೇಳಿದರ ನಾ ಏನಂತಿದ್ದೆ ಅನ್ನೂದೂ ನನಗ ಗೊತ್ತದ. ಆದರ ನನಗ ಹೇಳೂವರು ಯಾರು?"

ಗೇಟು ತೆರೆಯಿತು. ಆ ವಿಷಯ ಅವರು ಮತ್ತೆ ಎತ್ತಲಿಲ್ಲ. ಅಲ್ಲಿಂದೀಚೆಗೆ ಒಂದು ಬದಲಾವಣೆ ಮಾತ್ರ ನಾನು ಗಮನಿಸಿದ್ದೆ. ಒಬ್ಬರೇ ಕೋಣೆಯೊಳಗೆ ಹೋಗುವಾಗಲೂ ಅವರು ಬಾಗಿಲು ಹಿಡಿದು ನಿಲ್ಲುತ್ತಿದ್ದರು.

ಅವರು ತೀರಿಕೊಂಡದ್ದು ಶಹಾಬಾದ್ ದವಾಖಾನೆಯ ಅಂಥದೇ ಕೋಣೆಯಲ್ಲಿ, ಮಧ್ಯಾಹ್ನ, ಹೊರರೋಗಿಗಳ ಸಾಲು ಇನ್ನೂ ಇರುವಾಗ. ಅಲ್ಲಿಯ ನರ್ಸಮ್ಮ ಹೇಳಿದ್ದು: ಒಬ್ಬ ರೋಗಿಯನ್ನು ಕಳಿಸಿಕೊಡಲು ಎದ್ದು ಬಾಗಿಲು ತೆರೆದರು. ರೋಗಿ ಹೋದ ಮೇಲೂ ಬಹಳ ಹೊತ್ತು ಹಿಡಿದೇ ನಿಂತಿದ್ದರು. "ಯಾರಿದಾರ್ರಿ ಸರ್?" ಎಂದು ಆಕೆ ಕೇಳಿದ ಮೇಲೆ ಮರಳಿ ಬಂದು ಕುರ್ಚಿಯಲ್ಲಿ ಕೂತರು. ಮುಂದಿನ ರೋಗಿಯನ್ನು ಕರೆಯಲೇ ಎಂದು ಕೇಳುವಷ್ಟರಲ್ಲಿ ಹೋಗಿದ್ದರು. ಹೃದಯಾಘಾತ ಎಂದು ವೈದ್ಯರು ಹೇಳಿದರು.

ಚಿತ್ತಾಪುರದ ಮನೆಯಲ್ಲಿ ಬುದ್ಧ ವಂದನೆ ನಡೆಯಿತು. ಮೇಣದ ಬತ್ತಿ, ಬಿಳಿ ಹೂವು, ಸುತ್ತಲ ಊರುಗಳಿಂದ ಬಂದ ರೋಗಿಗಳು. ಮಲ್ಲಮ್ಮನೂ ಬಂದಿದ್ದರು. ಡಾಕ್ಟರ ಪತ್ನಿಯ ಕೈ ಹಿಡಿದು, "ಜೀವ ಎಲ್ಲಿ ಹೋಯ್ತು ಯವ್ವಾ?" ಎಂದು ಕೇಳಿದರು. ದವಾಖಾನೆಯಲ್ಲಿ ಎಂದರು ಅವರು. "ಅಲ್ಲಿ ಹಿಟ್ಟು ಹಾಕೀರೇನು?"

"ನಮ್ಮಲ್ಲಿ ಅದೆಲ್ಲ ಇಲ್ಲವ್ವಾ."

ಕೆಲವು ದಿನಗಳಲ್ಲಿ ಮಲ್ಲಮ್ಮನ ಗಂಡ ನನಗೆ ಫೋನ್ ಮಾಡಿದ. "ಅಣ್ಣಾರೆ, ಗುಳಗಿ ಬಿಟ್ಟಾಳ್ರಿ. ಮಧ್ಯಾಹ್ನ ಆದರ ಮತ್ತ ಖಣಿಗೆ ಹೊಂಟಾಳ. ಸಾಹೇಬ್ರು ಆ ಖೋಲ್ಯಾಗೇ ಕುಂತಾರಂತ. ನಮ್ಮ ಹುಡುಗಿನ್ನ ಕಳಿಸಿಕೊಟ್ಟವರು ತಾವೇ ಹೊಂಟಿಲ್ಲ ಅಂದ ಮ್ಯಾಲ ಹುಡುಗಿ ಭೀ ತಿರುಗಿ ಬಂದಾಳಂತ. ನಾ ಹಗಲೆಲ್ಲ ಕಾಯಲಿಕ್ಕ ಆಗತದೇನ್ರಿ? ಇವತ್ತಿಲ್ಲ ನಾಳೆ ಇಳೀತಾಳ."

ಅವರ ಜಾಗಕ್ಕೆ ಬೇರೆ ಡಾಕ್ಟರು ಇನ್ನೂ ಬಂದಿರಲಿಲ್ಲ. ದೂರದ ಆಸ್ಪತ್ರೆಗೆ ಮಲ್ಲಮ್ಮ ಒಪ್ಪಲಿಲ್ಲ. ನಾನು ಡಾಕ್ಟರ ಮನೆಗೆ ಹೋಗಿ ವಿಷಯ ತಿಳಿಸಿದೆ. ಪತ್ನಿ ಬುದ್ಧನ ಚಿತ್ರದ ಕೆಳಗೆ ಕೂತಿದ್ದರು. ಮಾವನವರು ಮಾತು ಕೇಳಿ ಎದ್ದು ಒಳಗೆ ಹೋದರು.

"ಅವರು ಇದ್ದಿದ್ದರ ಏನು ಕೇಳತಿದ್ದರು?" ಎಂದರು ಆಕೆ.

"ಗುಳಗಿ ನುಂಗ್ಯಾಳೇನು ಅಂತ."

"ಹಂಗಾದರ ಅದನ್ನೇ ಕೇಳ್ರಿ. ನುಂಗತಾಳಂದರ ಹಾಕಲಿ."

ಮಲ್ಲಮ್ಮ ಈ ಷರತ್ತಿಗೆ ತಲೆ ಆಡಿಸಿದರು. "ಸಾಹೇಬ್ರ ಮುಂದೇ ನುಂಗತೀನಿ."

ಸಂಜೆ ಹೊರರೋಗಿಗಳು ಹೋದ ಮೇಲೆ ನರ್ಸಮ್ಮ ಬಾಗಿಲು ತೆರೆದು ಕೊಟ್ಟರು. ಡಾಕ್ಟರ ಕುರ್ಚಿಯ ಮುಂದೆ ನೆಲ ಒರೆಸಿ ಮಲ್ಲಮ್ಮ ಹಿಟ್ಟು ಹರಡಿದರು, ದೀಪ ಇಟ್ಟರು, ಮನೆಯಿಂದ ತಂದ ಅದೇ ಬುಟ್ಟಿ ಮುಚ್ಚಿದರು. ನರ್ಸಮ್ಮ ಬೀಗ ಹಾಕಿ ಬೀಗದ ಕೈಯನ್ನು ನನ್ನೆದುರೇ ಸೆರಗಿಗೆ ಕಟ್ಟಿಕೊಂಡರು. ಈ ಸಲ ಯಾರೂ ಮುಂಚಿತವಾಗಿ ಒಳಗೆ ಹೋಗುವಂತಿರಲಿಲ್ಲ.

ಬೆಳಿಗ್ಗೆ ಬುಟ್ಟಿ ಎತ್ತಿದಾಗ ಹಿಟ್ಟು ನುಣ್ಣಗಿತ್ತು. ಒಂದು ಇರುವೆ ಹರಿದ ಗುರುತೂ ಇರಲಿಲ್ಲ.

ಗಂಡ ಗೋಡೆಗೆ ಒರಗಿದ. ನಾನು ಮಲ್ಲಮ್ಮನ ಮುಖ ನೋಡಿದೆ. ಅಲ್ಲಿ ಅಂಜಿಕೆ ಕಾಣಲಿಲ್ಲ. "ನಾ ಹೇಳಿದ್ದಿಲ್ಲ? ಇನ್ನಾ ಕುಂತಾರ," ಎಂದರು, ಮನೆಯಲ್ಲಿ ಹಟ ಹಿಡಿದವರ ಬಗ್ಗೆ ಹೇಳುವ ಹಾಗೆ. ರೋಗಿಯ ಕುರ್ಚಿಯಲ್ಲಿ ಕೂತರು. ಪಕ್ಕದ ಕುರ್ಚಿಯನ್ನು ಸ್ವಲ್ಪ ಹೊರಗೆ ಎಳೆದಿಟ್ಟರು. ಎದುರಿನ ಖಾಲಿ ಕುರ್ಚಿಯ ಕಡೆ ನೋಡಿದರು.

"ಉಂಡೀರೇನ್ರಿ ಸಾಹೇಬ್ರ?" ಎಂದು ಕೇಳಿ, ತಡೆದರು. "ನಿದ್ದಿ ಬಂತಾ?" ಮತ್ತೆ ತಡೆದರು. ಡಾಕ್ಟರು ಕೇಳುತ್ತಿದ್ದ ಪ್ರಶ್ನೆಗಳು ಅವು. ತಡೆಯುತ್ತಿದ್ದದ್ದೂ ಅಷ್ಟೇ ಹೊತ್ತು. "ಕೈಗೆ ಹತ್ತಿದ ಹಿಟ್ಟು ತೊಳಕೊಂಡರ ಹೋಗತದರಿ. ಅದನ್ನೇ ಹಿಡಕೊಂಡು ಯಾಕ ಕುಂತೀರಿ?"

ಡಾಕ್ಟರ ಬೆರಳಿನ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರು ಆಕೆಗೆ ಹೇಳಿದ್ದಿರಬಹುದು. ಆಕೆಯೇ ಅವತ್ತು ಅವರ ಕೈ ನೋಡಿದ್ದಿರಬಹುದು. ಆಮೇಲೆ ಕೇಳಿದಾಗ ಮಲ್ಲಮ್ಮ, "ಅದು ಪೇಪರಿನ್ಯಾಗ ಹಾಕೂ ಮಾತಲ್ಲರಿ ಅಣ್ಣಾ" ಎಂದಷ್ಟೇ ಹೇಳಿದರು.

ಸೆರಗಿನ ತುದಿಯ ಗಂಟು ಬಿಚ್ಚಿ ಗುಳಿಗೆ ತೆಗೆದರು. ಕುರ್ಚಿಗೆ ಕಾಣುವಂತೆ ಅಂಗೈಯಲ್ಲಿ ಹಿಡಿದು ತೋರಿಸಿ ಬಾಯಿಗೆ ಹಾಕಿಕೊಂಡರು. ನರ್ಸಮ್ಮ ಕೊಟ್ಟ ನೀರು ಕುಡಿದರು. "ನಂದು ಆಯ್ತು. ನಡೀರಿ ಇನ್ನ, ಮನಿಗೆ ಹೋಗೂಣು. ನಿಮ್ಮ ಮನ್ಯಾಗ ಕಾಯಲಿಕತ್ತಾರ."

ಆ ಮಧ್ಯಾಹ್ನ ಆಕೆ ಖಣಿಗೆ ಹೋಗಲಿಲ್ಲ. ಇವತ್ತಿನವರೆಗೂ ಹೋಗಿಲ್ಲ ಎಂದು ಗಂಡ ಹೇಳುತ್ತಾನೆ, ಗುಳಿಗೆಯೂ ನಡೆದಿದೆ. ಅದು ಆಮೇಲಿನ ಮಾತು. ಆ ಬೆಳಿಗ್ಗೆ ಮಲ್ಲಮ್ಮ ಎದ್ದು ಬಾಗಿಲು ತೆರೆದರು. ಗಂಡ ಹೊರಗೆ ಹೋದ. ಆಕೆ ಹೊಸ್ತಿಲ ಪಕ್ಕಕ್ಕೆ ಸರಿದು, ಬಾಗಿಲನ್ನು ಹಿಡಿದು, ಕೋಣೆಯೊಳಗೆ ನೋಡುತ್ತ ನಿಂತರು.

ಕಸಬರಿಗೆ ಎತ್ತಿದ್ದ ನರ್ಸಮ್ಮ ಹಾಗೇ ನಿಂತರು. ನಾನು ಬಾಗಿಲಿಗೂ ಕುರ್ಚಿಗೂ ನಡುವೆ ಇದ್ದೆ. ದಾರಿ ಬಿಟ್ಟು ಗೋಡೆಗೆ ಸರಿದು ನಿಂತೆ.